ಅಕ್ಕೋರ ಫೋಟೋ ತಂದ ದೌಲಪ್ಪ

ದೌಲಪ್ಪ ಅಂದದ್ದು ಒಂದೇ ಒಂದು "ಹೂಂ". ಅದೂ ಬಾಯಿ ತುಂಬ ರೊಟ್ಟಿ ಇದ್ದಾಗ.

ಕಮಲಾಪುರಕ್ಕೆ ಹೋಗಿ ಬಂದಿದ್ದ ಪಕ್ಕದ ಮನೆಯ ಮರೆಪ್ಪ ಸುದ್ದಿ ತಂದಿದ್ದ. "ಹೆಣ್ಣುಮಕ್ಕಳ ಸಾಲಿಗಿ ಹೊಸ ಖೋಲಿ ಕಟ್ಯಾರ. ನಿಮ್ಮವ್ವ ಲಿಂಗೈಕ್ಯ ಆಗಿ ವರ್ಷ ತುಂಬೋ ದಿನ ಅಲ್ಲಿ ಆಕಿ ಫೋಟೋ ಹಾಕಬೇಕಂತ. ಮನ್ಯಾಗ ಅದನೋ ಇಲ್ಲೋ?"

"ಹೂಂ" ಅಂದ ದೌಲಪ್ಪ. ಮರೆಪ್ಪ ಆ ಹೂಂ ಅನ್ನು ಮರುದಿನವೇ ಕಮಲಾಪುರಕ್ಕೆ ಮುಟ್ಟಿಸಿಬಿಟ್ಟ.

ದೌಲಪ್ಪನ ತಾಯಿ ಗುಂಡಮ್ಮನನ್ನು ಕಮಲಾಪುರದಲ್ಲೂ ಕಲಬುರ್ಗಿಯಲ್ಲೂ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಆಕೆ ಅಕ್ಕೋರು; ಪಾಠ ಹೇಳುವಾಕೆಯನ್ನು ಆ ಕಡೆ ಹಾಗೇ ಕರೆಯುವುದು. ನಿಜಾಮರ ರಾಜ್ಯದಲ್ಲಿ ಗಂಡುಹುಡುಗರು ಉರ್ದು ಶಾಲೆಗೆ ಹೋಗುತ್ತಿದ್ದರು, ಹೆಣ್ಣುಹುಡುಗಿಯರು ಎಲ್ಲಿಗೂ ಹೋಗುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಗುಂಡಮ್ಮ, ಕಂಕುಳಲ್ಲಿ ದೌಲಪ್ಪನನ್ನಿಟ್ಟುಕೊಂಡೇ ಕಮಲಾಪುರದ ತನ್ನ ಪಡಸಾಲೆಯಲ್ಲಿ ಆ ಹುಡುಗಿಯರನ್ನು ಕೂಡಿಸಿ, ಜರಡಿ ಹಿಡಿದ ಬೂದಿಯ ಮೇಲೆ ಬೆರಳಿನಿಂದ ಕನ್ನಡ ಅಕ್ಷರ ತಿದ್ದಿಸಿದಳು. ಬೆಳಗಿನ ಲಿಂಗಪೂಜೆ ಮುಗಿದು ಅಂಗೈಯಲ್ಲಿ ಉಳಿದ ವಿಭೂತಿಯನ್ನು ಯಾವ ಹುಡುಗಿ ಮೊದಲು ಬಂದಳೋ ಅವಳ ಹಣೆಗೆ ಹಚ್ಚುತ್ತಿದ್ದಳು. ಆ ವಿಭೂತಿಗಾಗಿ ಹುಡುಗಿಯರು ಕೋಳಿಗಿಂತ ಮೊದಲು ಏಳುತ್ತಿದ್ದರು. ಮಗ ಓದಿ ಕಲಬುರ್ಗಿಯ ಕಚೇರಿಯಲ್ಲಿ ಕಾರಕೂನನಾದ ಮೇಲೆ ಅವನ ಜೊತೆಗೆ ಬಂದಳು. ಇಲ್ಲಿಯೂ ಸುಮ್ಮನೆ ಕೂರಲಿಲ್ಲ, ಓಣಿಯ ಹೆಂಗಸರಿಗೆ ಕಲಿಸತೊಡಗಿದಳು.

ಸ್ಮರಣೆಯ ದಿನ ಬೆಳಿಗ್ಗೆ ದೌಲಪ್ಪ ಟ್ರಂಕಿನಿಂದ, ಅವ್ವ ಶಿಷ್ಯೆಯರೊಡನೆ ತೆಗೆಸಿಕೊಂಡಿದ್ದ ಒಂದೇ ಒಂದು ಹಳೆಯ ಫೋಟೋ ತೆಗೆದು, ದೊಡ್ಡದು ಮಾಡಿಸಲೆಂದು ಮೋಮಿನಪುರದ ಕರೀಂಸಾಬ್‌ನ ಸ್ಟುಡಿಯೋಕ್ಕೆ ಹೊರಟ. ಮರೆಪ್ಪ ಕರೆಯದೆಯೇ ಜೊತೆಗೆ ಬಂದ.

ಕರೀಂಸಾಬ್ ಫೋಟೋವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. "ಇದರಾಗ ಅಕ್ಕೋರ ಎಲ್ಲಿದ್ದಾರ್ರೀ?"

"ಇಗೋ, ನಟ್ಟನಡುವ. ಇದು ಸೆರಗು. ಇದು ಬೆರಳು."

"ಮಾರಿ ಎಲ್ಲದ?"

ಮುಖ ಇರಲಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿ ಕಿಸಕ್ಕೆಂದಿದ್ದಳು, ಅಕ್ಕೋರು ಬೆರಳೆತ್ತಿ ಹಿಂದಕ್ಕೆ ತಿರುಗಿದ್ದರು. ದೌಲಪ್ಪ ಆ ಫೋಟೋವನ್ನು ನೂರು ಸಲ ನೋಡಿದ್ದ. ಸೆರಗು ಕಂಡರೆ ಅವನಿಗೆ ಮುಖವೂ ಕಾಣುತ್ತಿತ್ತು.

"ಸೆರಗಿಗೇ ಫ್ರೇಮ್ ಹಾಕಲೇನ್ರೀ?" ಅಂದ ಕರೀಂಸಾಬ್.

ಮರೆಪ್ಪ ಗಲ್ಲ ತುರಿಸಿಕೊಂಡ. "ಒಂದು ಮಾತ ನಿನಗ ಹೇಳಿದ್ದಿಲ್ಲ, ದೌಲಪ್ಪ. ಇವತ್ತ ಸಂಜಿಕ ಫೋಟೋ ಬರಲಿಲ್ಲಂದ್ರ ಸಾಲಿ ಗ್ವಾಡಿಯ ಮೊಳಿಗಿ ಕಮಲಾಪುರದ ದತ್ತಪ್ಪ ಸಾವಕಾರ ತನ್ನ ಫೋಟೋ ಹಾಕ್ತಾನಂತ. ಬಂಗಾರದ ಬಣ್ಣದ ಕಟ್ಟು ಹಾಕಿಸಿ ತಯಾರ ಇಟ್ಟಾನ."

ದೌಲಪ್ಪನಿಗೆ ಕುಳಿತ ನೆಲ ಕಾದ ಹಂಚಾಯಿತು. ಖೋಲಿಗೆ ಕಲ್ಲು ಕೊಟ್ಟವನು ದತ್ತಪ್ಪ, ನಿಜ. ಆದರೆ ಹೆಣ್ಣುಹುಡುಗಿಯರು ಅಕ್ಷರ ಕಲಿತರೆ ರೊಟ್ಟಿ ಸೀಯುತ್ತದೆ ಎಂದು ಊರೆಲ್ಲ ಸಾರಿ, ಅಕ್ಕೋರ ಪಡಸಾಲೆಯನ್ನು ಎರಡು ಸಲ ಮುಚ್ಚಿಸಿದವನೂ ಅವನೇ. ಅವ್ವ ಜೀವ ತೇದ ಶಾಲೆಯಲ್ಲಿ ಹುಡುಗಿಯರು ದಿನಾ ಬೆಳಿಗ್ಗೆ ಆ ಮುಖಕ್ಕೆ ಕೈಮುಗಿಯಬೇಕೆ?

ಮರೆಪ್ಪ ಅವನನ್ನೇ ದಿಟ್ಟಿಸುತ್ತಿದ್ದ, ಸಂತೆಯಲ್ಲಿ ಎತ್ತು ನೋಡುವವನ ಹಾಗೆ. "ಕರೀಂಸಾಬ್, ಜರಾ ನೋಡ್ರಿ. ಇವನ ಮೀಸಿ ತಗದ್ರ ಥೇಟ್ ಅಕ್ಕೋರ ಅಲ್ಲೇನ್ರಿ?"

ಕರೀಂಸಾಬ್ ಅಂಗೈಯಿಂದ ದೌಲಪ್ಪನ ಮೀಸೆ ಮುಚ್ಚಿ ನೋಡಿದ. "ಖರೇ ಅದ. ಸತ್ತವರ ಫೋಟೋ ಇಲ್ಲಂದ್ರ ನಾವು ಹಂಗೇ ಮಾಡ್ತೀವ್ರಿ. ಅಣ್ಣನ ಬದಲಿ ತಮ್ಮ, ಅಪ್ಪನ ಬದಲಿ ಮಗ. ಅವ್ವನ ಬದಲಿ ಮಗ ಇದೇ ಮೊದಲ."

ಆ ಮೀಸೆ ಸಾಮಾನ್ಯವಾದದ್ದಲ್ಲ. ಕಚೇರಿಗೆ ಮೊದಲು ಅದು ಬರುತ್ತಿತ್ತು, ಹಿಂದೆ ದೌಲಪ್ಪ ಬರುತ್ತಿದ್ದ. ಜವಾನರು ಸಲಾಮು ಹೊಡೆಯುತ್ತಿದ್ದದ್ದೂ ಅದಕ್ಕೇ.

"ಮೀಸಿ ಮತ್ತ ಬರ್ತದ" ಅಂದ ಮರೆಪ್ಪ. "ದತ್ತಪ್ಪ ಒಮ್ಮಿ ಗ್ವಾಡಿ ಏರಿದ್ರ ಇಳಿಯೂದಿಲ್ಲ."

ಎದುರಿನ ಕಟ್ಟೆಯ ಕ್ಷೌರಿಕ ಮೂರು ಸಲ "ಖರೇ ಏನ್ರಿ?" ಎಂದು ಕೇಳಿಕೊಂಡೇ ಕತ್ತಿ ಹಚ್ಚಿದ. ಮರೆಪ್ಪ ಅಕ್ಕೋರ ಸೀರೆ ತರಲು ಓಡಿದ. ಓಡುವಾಗ ಸುಮ್ಮನೆ ಓಡಲಿಲ್ಲ, ಕೇಳಿದವರಿಗೂ ಕೇಳದವರಿಗೂ ಕಾರಣ ಹೇಳುತ್ತ ಓಡಿದ. ಅವನು ಸೀರೆ ಹಿಡಿದು ತಿರುಗಿ ಬರುವಷ್ಟರಲ್ಲಿ ಅರ್ಧ ಓಣಿ ಬೆನ್ನಿಗಿತ್ತು.

ದೌಲಪ್ಪ ಶೇರ್ವಾನಿಯ ಮೇಲೆಯೇ ಸೀರೆ ಸುತ್ತಿಸಿಕೊಂಡು, ತಲೆತುಂಬ ಸೆರಗು ಹೊದ್ದು, ಹಣೆತುಂಬ ವಿಭೂತಿ ಬಳಿದುಕೊಂಡು ಕುರ್ಚಿಯಲ್ಲಿ ಕುಳಿತ. ಜನ ಅವನ ಮುಖಕ್ಕೆ ಮುಗಿಬಿದ್ದರು.

"ಹುಬ್ಬು ಗಂಟ ಹಾಕು. ಅಕ್ಕೋರ ಭಾಳ ಬಿರುಸು."

"ಏ, ನಗೂ ನೀ. ನನಗ ಎಂದೂ ಬೈದಿಲ್ಲ ಆಕಿ."

"ನಿನಗ ಬೈದು ಉಪಯೋಗ ಇಲ್ಲಂತ ಬಿಟ್ಟಿದ್ಲು."

ದೌಲಪ್ಪ ಒಬ್ಬರ ಮಾತಿಗೆ ಹುಬ್ಬು ಗಂಟಿಕ್ಕಿ, ಇನ್ನೊಬ್ಬರ ಮಾತಿಗೆ ಹಲ್ಲು ಬಿಟ್ಟು, ಕಡೆಗೆ ಹಲ್ಲುನೋವಿನವನ ಹಾಗೆ ಕಾಣತೊಡಗಿದ. ಕರೀಂಸಾಬ್ ಕರಿ ಬಟ್ಟೆಯೊಳಗೆ ತಲೆ ಹಾಕುವುದು, ತೆಗೆಯುವುದು ನಡೆದೇ ಇತ್ತು.

ಆಗ ಒಳಬಾಗಿಲ ಪರದೆಯ ಹಿಂದಿನಿಂದ ದನಿ ಬಂತು. ಕರೀಂಸಾಬ್‌ನ ತಾಯಿ ಖುರ್ಷೀದ್ ಬೇಗಂ. "ಎಲ್ಲಾರೂ ಜರಾ ಚುಪ್ ಕೂಡ್ರಿ. ದೌಲಾ ಬೇಟಾ, ಕೇಳು. ನಿಮ್ಮವ್ವ ಈ ಮುದುಕಿಗಿ ಅಕ್ಷರ ಕಲಿಸಿದ್ಲು. ನಾ ತಪ್ಪು ಬರದ್ರ ಬೈತಿದ್ದಿಲ್ಲ, ನಗ್ತಿದ್ದಿಲ್ಲ. ಈಗ ಬರ್ತದ, ಇನ್ನ ಜರಾ ತಡದ್ರ ಬರ್ತದ ಅಂತ ನೋಡ್ಕೋತ ಕೂಡ್ತಿದ್ಲು. ನಮಾಜಿನ ಹೊತ್ತಾದ್ರ ತಾನೇ ಎಬ್ಬಿಸಿ ಕಳಿಸ್ತಿದ್ಲು. ನೀ ಹಂಗ ನೋಡು."

ದೌಲಪ್ಪನಿಗೆ ಆ ನೋಟ ಗೊತ್ತಿತ್ತು. ಗುಣಾಕಾರ ಬಾರದೆ ಅಳುತ್ತಿದ್ದ ಎಷ್ಟೋ ಸಂಜೆ ಅದರ ಎದುರಿಗೇ ಕುಳಿತಿದ್ದ. ಅವನ ಮುಖ ತಾನಾಗಿಯೇ ಹಗುರಾಯಿತು. ಜನ ಮಾತು ನಿಲ್ಲಿಸಿದರು. ಮರೆಪ್ಪ ಸಹ ತಲೆಯ ರುಮಾಲು ಸರಿಮಾಡಿಕೊಂಡು ನೆಟ್ಟಗೆ ನಿಂತ. ಕರೀಂಸಾಬ್ ಕ್ಯಾಮರಾದ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

ಕಾಗದವನ್ನು ಬಿಸಿಲಿಗಿಟ್ಟು ಪ್ರತಿ ತೆಗೆಯುವಾಗ ಓಣಿಯವರೇ ಸುತ್ತ ನಿಂತು, ಮೋಡ ಬಂದೀತೆಂದು ಆಕಾಶ ಕಾದರು. ಕುರ್ಚಿಯ ಮೇಲೆ ಕುಳಿತ ಅಕ್ಕೋರ ಪೂರ್ಣ ಚಿತ್ರ ಕಟ್ಟು ಹಾಕಿಸಿಕೊಂಡು ದೌಲಪ್ಪನ ಕೈಗೆ ಬಂತು. ಅವನು ತುಟಿಗೆ ಶಲ್ಯ ಮುಚ್ಚಿಕೊಂಡು ಮೋಟಾರು ಹತ್ತಿದ.

ಕಮಲಾಪುರದ ಹೊಸ ಖೋಲಿಯ ತುಂಬ ಹೆಂಗಸರು. ಬೂದಿಯ ಮೇಲೆ ಅಕ್ಷರ ತಿದ್ದಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಈಗ ಅಲ್ಲಿ ಕಲಿಸುತ್ತಿದ್ದ ಕಸ್ತೂರಿಬಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಮೂಲೆಯ ಕುರ್ಚಿಯಲ್ಲಿ ದತ್ತಪ್ಪ ಸಾವಕಾರ, ಮಗ್ಗುಲಲ್ಲಿ ಅವನ ಬಂಗಾರದ ಕಟ್ಟು.

ಕಸ್ತೂರಿಬಾಯಿ ಫೋಟೋವನ್ನು ಮಣೆಯ ಮೇಲಿಟ್ಟು ಅರಿವೆ ಸರಿಸಿದಳು. ಹೆಂಗಸರೆಲ್ಲ ಕತ್ತು ಚಾಚಿದರು.

"ಇದೇ ನೋಟ" ಅಂದಳು ಹಿಂದಿನಿಂದ ಒಬ್ಬಳು. "ನಾ ಒತ್ತಕ್ಷರ ತಪ್ಪಿದಾಗೆಲ್ಲ ಹಿಂಗೇ ನೋಡ್ತಿದ್ರು." ಅಷ್ಟೇ ಸಾಕಾಯಿತು. ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು. ದೌಲಪ್ಪನ ಎದೆ ಗೋಣಿಚೀಲದಷ್ಟು ಉಬ್ಬಿತು.

ಅಕ್ಕೋರ ಬಾಲ್ಯದ ಗೆಳತಿ ಶಂಕ್ರಮ್ಮ ಎಲ್ಲರಿಗಿಂತ ಹಿರಿಯಳು, ಬೆನ್ನು ಬಾಗಿದವಳು. ಮೊದಲ ನಮಸ್ಕಾರ ಅವಳದು. ಬೇರೆಯವರೆಲ್ಲ ಮುಖ ನೋಡುತ್ತಿದ್ದರೆ ಅವಳು ಪದ್ಧತಿಯಂತೆ ಪಾದ ಮುಟ್ಟಲು ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

ಸೀರೆಯ ಅಂಚಿನ ಕೆಳಗೆ, ಲಾಡಿ ಬಿಗಿದ ಎರಡು ಕರಿ ಬೂಟು ಮಿರಿಮಿರಿ ಮಿಂಚುತ್ತಿದ್ದವು.

ದೌಲಪ್ಪ ಅವಳ ಕಣ್ಣು ಹೋದಲ್ಲಿ ನೋಡಿದ. ಶಂಕ್ರಮ್ಮ ತುಟಿ ಪಿಟ್ಟೆನ್ನದೆ, ನೈವೇದ್ಯಕ್ಕೆ ತಂದ ಕೆಂಪು ಬಾಳೆಯ ಗೊನೆಯನ್ನು ಮೆಲ್ಲಗೆ ಚಿತ್ರದ ಬುಡಕ್ಕೆ ಎಳೆದಿಟ್ಟಳು. ಬೂಟು ಮರೆಯಾದವು. ಮುದುಕಿ ಕೈಮುಗಿದು ಸರಿದಳು. ದೌಲಪ್ಪ ಉಸಿರು ಬಿಟ್ಟ.

ಪ್ರಸಾದದ ಹೊತ್ತು ಬಂತು. ಹಿರಿಯರಿಗೆ ಮೊದಲು ಎಂದು ಕಸ್ತೂರಿಬಾಯಿ ಅನ್ನುವಷ್ಟರಲ್ಲಿ ದತ್ತಪ್ಪ ಎದ್ದುಬಂದು ಗೊನೆಯನ್ನೇ ಎತ್ತಿಕೊಂಡ. ಎತ್ತಿಕೊಂಡವನು ಕಣ್ಣರಳಿಸಿದ.

"ಏನಿದು? ಕಾಲಾಗ ಬೂಟು." ಚಿತ್ರ ನೋಡಿದ, ಶಲ್ಯ ಜಾರಿದ ದೌಲಪ್ಪನ ಬೋಳು ತುಟಿ ನೋಡಿದ. ಅವನ ಮುಖದಲ್ಲಿ ದೀಪಾವಳಿ. "ತೆಗೀರಿ ಇದನ್ನ. ನನ್ನ ಫೋಟೋ ಹಾಕ್ರಿ."

ಖೋಲಿಯ ಕಣ್ಣೆಲ್ಲ ಬೂಟಿನ ಮೇಲೆ, ಆಮೇಲೆ ದೌಲಪ್ಪನ ಮೇಲೆ. ಅವನು ಬಾಯಿ ತೆರೆದ. ಅಷ್ಟರಲ್ಲಿ ಶಂಕ್ರಮ್ಮ ಕೇಳಿದಳು, "ಸಾವಕಾರ್ರ, ನೀವು ಸಾಲಿಗಿ ಎಂದರ ಬಂದಿದ್ರೇನು?"

"ನಾ ಯಾಕ ಬರಲಿ?"

"ಅದಕ್ಕ ನಿಮಗ ಗೊತ್ತಿಲ್ಲ. ಅಕ್ಕೋರ ಬೂಟು ಹಾಕ್ಕೋತಿದ್ರು."

ಕಸ್ತೂರಿಬಾಯಿ ಒಂದು ಗಳಿಗೆ ಶಂಕ್ರಮ್ಮನ ಮುಖ ನೋಡಿದಳು. "ಹೌದ್ರಿ. ಮಳಿಗಾಲದಾಗ, ಕೆಸರಿಗಿ."

"ಬ್ಯಾಸಗ್ಯಾಗೂ ಹಾಕ್ತಿದ್ರು" ಅಂದಳು ಮತ್ತೊಬ್ಬಳು. "ಮುಳ್ಳಿಗಿ."

"ನಾನೇ ಲಾಡಿ ಕಟ್ಟೀನಿ" ಅಂದಳು ಹಲ್ಲಿಲ್ಲದ ಇನ್ನೊಬ್ಬ ಶಿಷ್ಯೆ.

ಸುಳ್ಳು ಹೇಳಿದರೆ ಒಂಟಿಗಾಲಲ್ಲಿ ನಿಲ್ಲಿಸುತ್ತಿದ್ದ ಅಕ್ಕೋರ ಎದುರಿಗೇ ಅವರ ಶಿಷ್ಯೆಯರೆಲ್ಲ ಒಬ್ಬೊಬ್ಬರಾಗಿ, ಮುಖ ಚೂರೂ ಸಡಿಲಿಸದೆ, ಸಾಕ್ಷಿ ನುಡಿದರು. ದತ್ತಪ್ಪ ಗೊನೆ ಅಪ್ಪಿಕೊಂಡು ನಿಂತಲ್ಲೇ ನಿಂತ. ಕಸ್ತೂರಿಬಾಯಿ ಫೋಟೋ ಎತ್ತಿ ಮೊಳೆಗೆ ಹಾಕಿದಳು. ಹುಡುಗಿಯರ ಚಪ್ಪಾಳೆಗೆ ಮಾಡಿನ ಗುಬ್ಬಿ ಹಾರಿದವು. ಬಂಗಾರದ ಕಟ್ಟು ಬಂದ ದಾರಿಯಲ್ಲೇ ತಿರುಗಿ ಹೋಯಿತು.

"ಅಕ್ಕೋರ, ನಾವೂ ಬೂಟು ಹಾಕ್ಕೋಬಹುದೇನ್ರಿ?" ಎಂದು ಪುಟ್ಟ ಹುಡುಗಿಯೊಬ್ಬಳು ಕಸ್ತೂರಿಬಾಯಿಯನ್ನು ಕೇಳಿದಳು.

"ಓದಿದ್ರ ಯಾರು ಬ್ಯಾಡಂತಾರ?"

ದೌಲಪ್ಪ ಕಣ್ಣೊರೆಸಿಕೊಂಡು, ಶಂಕ್ರಮ್ಮನಿಗೆ ಕೈಮುಗಿದು, ಕಡೆಯ ಮೋಟಾರು ಹಿಡಿಯಲು ಹೊರಗೆ ಬಂದ. ಬಾಗಿಲ ಬಳಿ ಹುಡುಗಿಯರ ಗುಂಪು. ಸರಿಸಿ ನೋಡಿದ. ಅವನು ಕಳಚಿಟ್ಟಿದ್ದ ಬೂಟುಗಳು ಮಣೆಯ ಮೇಲಿದ್ದವು. ಅವುಗಳ ಮೂತಿಗೆ ಮೂರು ಬೆರಳ ವಿಭೂತಿ, ಒಳಗೆ ಮಲ್ಲಿಗೆ, ಮುಂದೆ ಉರಿಯುವ ಊದಿನಕಡ್ಡಿ. ಹುಡುಗಿಯರು ಸಾಲಾಗಿ ಬಗ್ಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಅಕ್ಕೋರ ಬೂಟು ಖುದ್ದ ಮಗನೇ ತಂದಾರ" ಎಂದು ಯಾರೋ ಪಿಸುಗುಟ್ಟಿದರು.

ದೌಲಪ್ಪ ಕಸ್ತೂರಿಬಾಯಿಯ ಕಡೆ ನೋಡಿದ. ಕಸ್ತೂರಿಬಾಯಿ ತಲೆ ಅಡ್ಡ ಆಡಿಸಿದಳು.

"ಈಗ ಹ್ಯಾಂಗ ಹಾಕ್ಕೋತೀರಿ, ಅಣ್ಣಾರ? ಪೂಜಿ ಆಗ್ಯದ. ಹೊರಡ್ರಿ, ಮೋಟಾರು ಹೋಗ್ತದ. ದಾರ್ಯಾಗ ಮುಳ್ಳದಾವ, ಜರಾ ನೋಡ್ಕೋತ ನಡೀರಿ."