ಅರಿಶಿನದ ಹಿಂದೆ ಬಿದ್ದ ಸೋರಾರಿ

"ಇಗೋ ನೋಡು ವನಜಾ, ಸೋರಾರಿ! ಸೋರಿಕೆಗೆ ಅರಿ, ಅಂದ್ರೆ ಶತ್ರು!"

ಚಂದ್ರಚೂಡರಾಯರು ಗ್ಯಾರೇಜಿನ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತಿದ್ದರು. ಅವರ ಕಾಲ ಬಳಿ ಒಂದು ವಿಚಿತ್ರ ಪ್ರಾಣಿ. ಕುಕ್ಕರಿನ ಹೊಟ್ಟೆ, ನಾಲ್ಕು ಪುಟ್ಟ ಚಕ್ರ, ತಲೆಗೆ ಕಪ್ಪು ಕೊಡೆ, ಹಿಂದೆ ರಬ್ಬರಿನ ಬಾಲ!

"ಎರಡು ವಾರದಿಂದ ನನ್ ಕುಕ್ಕರ್ ಹುಡುಕ್ತಿದ್ದೀನಲ್ರೀ!" ಎಂದಳು ಅವರ ಹೆಂಡತಿ ವನಜಾಕ್ಷಿ.

"ವಿಜ್ಞಾನಕ್ಕೆ ಒಂದು ಕುಕ್ಕರ್ ಕೊಡಕ್ಕಾಗಲ್ವೇನೇ ನಿಂಗೆ?"

ರಾಯರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಹಾಸಿಗೆ, ಒಲೆ, ಸಿಂಕು ಎಲ್ಲ ಇರುವ ಹಳೆಯ ಕ್ಯಾಂಪರ್ ವ್ಯಾನೊಂದನ್ನು ತಂದಿದ್ದರು. ಊರೂರು ಸುತ್ತೋಣ ಅಂತ ತಂದದ್ದು, ತುಮಕೂರಿನಿಂದ ಹೊರಟರೆ ತಿಪಟೂರು ದಾಟುತ್ತಿರಲಿಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಎಂಜಿನ್ ತಣ್ಣಗಿಡುವ ರೇಡಿಯೇಟರಿನ ಕೂಲಂಟ್ ನೀರು ಮಾಯವಾಗಿರುತ್ತಿತ್ತು. ಹೋಸ್ ಬದಲಾಯಿಸಿದರು, ವಾಟರ್ ಪಂಪ್ ಬಿಚ್ಚಿ ಹಾಕಿದರು. ಎಲ್ಲಿ ಸೋರುತ್ತಿದೆ ಅಂತ ಮಾತ್ರ ಸಿಕ್ಕಲಿಲ್ಲ.

ಈ ಸಲ ವ್ಯಾನ್ ಹೊರಡಲೇಬೇಕಿತ್ತು. ಪಕ್ಕದ ಮನೆ ಪುಟ್ಟಗೌರಮ್ಮನ ಮಗ ಲೋಹಿತನಿಗೆ ಭಾನುವಾರ ಹೊನ್ನಾವರದಲ್ಲಿ ಮದುವೆ. ಹೊನ್ನಾವರ ಅಂದರೆ ಸಮುದ್ರ! ಐವತ್ತೆರಡು ವರ್ಷವಾದರೂ ವನಜಾಕ್ಷಿ ಸಮುದ್ರ ಕಂಡವಳಲ್ಲ. ಮದುವೆ ಬಸ್ಸಿನಲ್ಲಿ ಎರಡು ಸೀಟು ಇಟ್ಟಿದ್ದರು. ರಾಯರೇ "ಮನೆ ಮುಂದೆ ವ್ಯಾನ್ ನಿಲ್ಸ್ಕೊಂಡು ಬಸ್ಸಲ್ಲಿ ಹೋಗೋದೇ?" ಎಂದು ಬೇಡವೆಂದರು. ಆ ಸೀಟುಗಳು ಆಗಲೇ ಬೇರೆಯವರಿಗೆ ಹೋಗಿದ್ದವು.

ಹಾಗಾಗಿ ವನಜಾಕ್ಷಿ ನಿನ್ನೆ ಒಂದು ಕೆಲಸ ಮಾಡಿದ್ದಳು. ಅವಳ ತಮ್ಮ ನಾಗಭೂಷಣ ಲಾರಿ ಓಡಿಸಿದವನು. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುತ್ತಿದ್ದ, ಅದು ಊದಿಕೊಂಡು ಸಣ್ಣ ತೂತುಗಳಲ್ಲಿ ಕೂತುಬಿಡುತ್ತದೆ ಎನ್ನುತ್ತಿದ್ದ. ಗಂಡ ಸ್ನಾನಕ್ಕೆ ಹೋದಾಗ ಇವಳೂ ಮೂರು ಚಮಚ ಸುರಿದು ಬಂದಿದ್ದಳು.

ಸೋರಾರಿ ನೇರಳೆ ಬೆಳಕು ಬಿಡುತ್ತಾ ವ್ಯಾನಿನ ಕೆಳಗೆ ನುಗ್ಗಿತು. ಎರಡು ಸುತ್ತು ಹಾಕಿ, ರಾಯರದೇ ಧ್ವನಿಯಲ್ಲಿ ಕೂಗಿತು: "ಸೋರಿಕೆ ಇಲ್ಲ!"

ರಾಯರ ಮುಖ ಬಾಡಿಹೋಯಿತು. "ಎಂಟು ತಿಂಗಳು ಒದ್ದಾಡಿ ಮಾಡಿದ್ದು ಇಲ್ಲ ಅನ್ನಿಸ್ಕೊಳಕ್ಕಾ?"

"ಇಲ್ದಿದ್ರೆ ಒಳ್ಳೇದಾಯ್ತಲ್ರೀ! ಹೊರಡೋಣ."

"ನೀನ್ ಸುಮ್ನಿರು. ಇದಕ್ಕೆ ಸರಿಯಾಗಿ ರುಚಿ ಹತ್ಸಿಲ್ಲ." ರಾಯರು ರೇಡಿಯೇಟರಿನ ಮುಚ್ಚಳ ತೆಗೆದು ಯಂತ್ರದ ಮೂತಿಯನ್ನು ಒಳಗೆ ಅದ್ದಿದರು. "ನೇರಳೆ ಬೆಳಕಲ್ಲಿ ಇದು ಎಲ್ಲೆಲ್ಲಿ ಹೊಳೆಯುತ್ತೋ ಅಲ್ಲೆಲ್ಲ ಹುಡುಕು! ಅಂಟು ಹಾಕಿ ಮುಚ್ಚು!"

ಮೂತಿಗೆ ಅಂಟಿದ್ದು ತನ್ನ ಅರಿಶಿನವೆಂದು ವನಜಾಕ್ಷಿಗೆ ಗೊತ್ತಾಯಿತು. ಈಗ ಹೇಳಿದರೆ ರೇಡಿಯೇಟರ್ ಬಿಚ್ಚಿ ತೊಳೆಯಲು ಕೂರುತ್ತಾರೆ. ಮದುವೆಯೂ ಇಲ್ಲ, ಸಮುದ್ರವೂ ಇಲ್ಲ.

ಸೋರಾರಿ ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮನೆ ಬಾಗಿಲಿಗೆ ಓಡಿತು. ಶುಕ್ರವಾರವಾದ್ದರಿಂದ ಹೊಸಿಲಿಗೆ ಅರಿಶಿನ ಬಳಿದಿತ್ತು. "ಸೋರಿಕೆ!" ಎಂದು ಬಾಲ ಎತ್ತಿ ಅಂಟು ಕಕ್ಕಿತು ನೋಡಿ, ಬಾಗಿಲೂ ಹೊಸಿಲೂ ಒಂದಾದವು! ಅಲ್ಲಿಂದ ಹಿತ್ತಿಲ ಬಾಗಿಲಲ್ಲಿ ಅಡುಗೆಮನೆಗೆ ನುಗ್ಗಿ, ಕುದಿಯುತ್ತಿದ್ದ ಹುಳಿಯ ಪಾತ್ರೆಗೆ ಮುಚ್ಚಳ ಜಡಿಯಿತು. ಆಮೇಲೆ ಹಿಂದೆಯೇ ಓಡಿಬಂದ ವನಜಾಕ್ಷಿಯ ಅರಿಶಿನ ಹಚ್ಚಿದ ಕೆನ್ನೆಯನ್ನೇ ದಿಟ್ಟಿಸಿತು.

"ರೀ! ನನ್ ಮುಖಕ್ಕೇ ಬರ್ತಿದೆ! ಆಫ್ ಮಾಡ್ರೀ!" ಎನ್ನುತ್ತಾ ಅವಳು ಊಟದ ಮೇಜು ಹತ್ತಿದಳು.

"ಸ್ವಿಚ್ಚು ಕುಕ್ಕರ್ ಒಳಗಿದೆ ಕಣೇ!"

"ಮುಚ್ಚಳ ತೆಗೀರಿ ಮತ್ತೆ!"

"ಪ್ರೆಶರ್ ಇಳಿಯೋವರ್ಗೂ ತೆಗೆಯೋ ಹಂಗಿಲ್ಲ!"

ಅಷ್ಟರಲ್ಲಿ ಪಕ್ಕದ ಮನೆಯಿಂದ ವಾಲಗದ ಸದ್ದು ಕೇಳಿಸಿತು. ಸೋರಾರಿ ಅತ್ತ ಕೊಡೆ ತಿರುಗಿಸಿ, ಏನೋ ಹೊಳಪು ಕಂಡಂತೆ ಹಿತ್ತಿಲ ಬೇಲಿ ನುಸುಳಿ ಓಡಿತು.

ಅಲ್ಲಿ ಚಪ್ಪರದಡಿ ಅರಿಶಿನದ ಶಾಸ್ತ್ರ! ಇಬ್ಬರು ಕೂರುವಷ್ಟು ದೊಡ್ಡ ಹಲಸಿನ ಹಸೆಮಣೆಯ ಮೇಲೆ ಲೋಹಿತ ಕೂತಿದ್ದ. ಮುತ್ತೈದೆಯರು ಅವನಿಗೆ ನೆತ್ತಿಯಿಂದ ಅಂಗಾಲಿನವರೆಗೆ ಬಳಿದಿದ್ದರು. ಸೋರಾರಿ ಒಂದು ಕ್ಷಣ ಬೆರಗಾಗಿ ನಿಂತಿತು. ಇಷ್ಟು ದೊಡ್ಡ ಸೋರಿಕೆಯನ್ನು ಪಾಪ, ಅದು ಎಲ್ಲಿ ಕಂಡಿತ್ತು! ಹೊಟ್ಟೆಯಲ್ಲಿದ್ದ ಅಂಟನ್ನೆಲ್ಲ ಒಂದೇ ಉಸಿರಿಗೆ ಕಕ್ಕಿ, ಮೂರು ವಿಷಲ್ ಹೊಡೆದು ತಣ್ಣಗಾಯಿತು. ಅಂಟಿನ ನೊರೆ ಇಳಿದಾಗ ಲೋಹಿತ, ಅವನ ಪಂಚೆ, ಹಸೆಮಣೆ ಮೂರೂ ಒಂದಾಗಿದ್ದವು.

"ಅಮ್ಮಾ, ಏಳಕ್ಕಾಗ್ತಿಲ್ಲ!" ಎಂದ ಲೋಹಿತ.

ಕೊಬ್ಬರಿ ಎಣ್ಣೆ ಹಾಕಿದರು, ಬಿಸಿನೀರು ಸುರಿದರು. ಏನೂ ಆಗಲಿಲ್ಲ.

"ಅದು ಹಂಗೆಲ್ಲ ಬಿಡಲ್ಲ," ಎಂದರು ಯಂತ್ರದ ಹಿಂದೆ ಓಡಿಬಂದಿದ್ದ ರಾಯರು, ಹೆಮ್ಮೆ ತಡೆಯಲಾರದೆ. "ಪೆಟ್ರೋಲಿಗೂ ಜಗ್ಗಲ್ಲ!"

ಪುಟ್ಟಗೌರಮ್ಮ ಸೊಂಟಕ್ಕೆ ಕೈಯಿಟ್ಟಳು. "ರಾಯರೇ, ನಿಮ್ ಬಾಯಿಗೆ ಒಂದಿಷ್ಟು ಆ ಅಂಟು ಹಾಕ್ಕೊಳಿ!"

ಯಾರೋ ಗರಗಸ ತಂದರು. "ಜ್ವಾಕೆ! ನಮ್ಮತ್ತೆ ಕೂತಿದ್ದ ಮಣೆ ಅದು!" ಎಂದು ಅವರನ್ನೂ ಓಡಿಸಿದಳು.

ಹತ್ತು ಗಂಟೆಗೆ ಬಸ್ಸು ಬಂತು. ಗಂಡನ್ನು ನೇರವಾಗಿ ನೂಕಿದರು, ಅಡ್ಡಡ್ಡ ನೂಕಿದರು, ತಲೆಕೆಳಗು ಮಾಡಿಯೂ ನೋಡಿದರು. ಬಸ್ಸಿನ ಬಾಗಿಲಲ್ಲಿ ಮಣೆ ಹಿಡಿಸಲಿಲ್ಲ. ಆಗ ಎಲ್ಲರ ಕಣ್ಣೂ ಒಟ್ಟಿಗೆ, ಹಿಂದೆ ಎರಡು ಬಾಗಿಲು ತೆರೆಯುವ ರಾಯರ ವ್ಯಾನಿನ ಮೇಲೆ ಬಿತ್ತು.

ರಾಯರು ಬೆವರಿದರು. "ಸೋರಿಕೆ ಸಿಕ್ಕಿಲ್ವಲ್ಲ! ತಿಪಟೂರಲ್ಲಿ ನಿಂತ್ರೆ ಮದುವೆ ಗಂಡಿನ ಗತಿ?"

ಇನ್ನು ಸುಮ್ಮನಿರುವಂತಿರಲಿಲ್ಲ. "ನಿಲ್ಲಲ್ಲ," ಎಂದಳು ವನಜಾಕ್ಷಿ. "ನಿನ್ನೆ ಮೂರು ಚಮಚ ಅರಿಶಿನ ಹಾಕಿದ್ದೀನಿ. ತೂತು ಮುಚ್ಚಿದೆ."

"ಎಂಜಿನ್ನಿಗೆ ಅರಿಶಿನವಾ! ಅದೇನ್ ಚಿತ್ರಾನ್ನಾನಾ?"

"ನಿಮ್ ಯಂತ್ರಕ್ಕೆ ನನ್ ಕುಕ್ಕರ್ ಆಗುತ್ತೆ, ನನ್ ಅರಿಶಿನ ಆಗಲ್ವಾ? ಕೀ ಕೊಡಿ ಇಲ್ಲಿ!"

ರಾಯರು ಕೀ ಕೊಡದೆ ತಾವೇ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ವನಜಾಕ್ಷಿ, ಹಿಂದೆ ಮಣೆಸಮೇತ ಲೋಹಿತ, ಅವನ ತಲೆಗೆ ಕಿಟಕಿಯ ಬಿಸಿಲು ಬೀಳದಂತೆ ಪುಟ್ಟಗೌರಮ್ಮನ ಸೆರಗು. ತಿಪಟೂರು ದಾಟಿತು, ಕಡೂರು ದಾಟಿತು, ಘಟ್ಟವೂ ಇಳಿಯಿತು. ಮುಳ್ಳು ಅಲ್ಲಾಡಲಿಲ್ಲ. ರಾಯರು ಮೂರು ಸಲ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಕಾಣದೆ, ಮೂರು ಸಲವೂ ಸಪ್ಪೆ ಮೋರೆ ಹಾಕಿಕೊಂಡು ಬಂದು ಕೂತರು.

ಸಂಜೆ ಹೊನ್ನಾವರ ಬಂತು. "ಮೊದ್ಲು ಸಮುದ್ರ! ಛತ್ರ ಆಮೇಲೆ," ಎಂದಳು ವನಜಾಕ್ಷಿ. ರಾಯರು ವ್ಯಾನನ್ನು ಕಡಲ ಕಡೆ ತಿರುಗಿಸಿದರು.

ಅವಳು ಚಪ್ಪಲಿ ಬಿಟ್ಟು ಮರಳಿಗಿಳಿದಳು. "ಅಯ್ಯಯ್ಯೋ, ಇಷ್ಟೊಂದಾ!" ಎಂದು ನಕ್ಕಳು. ಅಲೆ ಬಂದು ಕಾಲು ತೋಯಿಸಿದಾಗ ಕಣ್ಣಲ್ಲಿ ನೀರು ಬಂತು. ಇಷ್ಟು ಸಂತೋಷವಾಗಿ ಅವಳಿಗೆ ಎಷ್ಟು ಕಾಲವಾಗಿತ್ತೋ!

ಹಿಂದೆಯೇ ಬಂದ ಮದುವೆ ಬಸ್ಸಿನಿಂದ ಇಳಿದ ನೆಂಟರು ನಾಲ್ಕು ಜನ ಸೇರಿ, ಮೈಯ ಅರಿಶಿನವನ್ನಾದರೂ ತೊಳೆಯೋಣವೆಂದು ಲೋಹಿತನನ್ನು ನೀರಿನಂಚಿನಲ್ಲಿ ಇಳಿಸಿದರು. ದೊಡ್ಡದೊಂದು ಅಲೆ ಬಂತು. ಮಣೆ ಒಂದು ಕಡೆ ತೇಲಿತು, ಲೋಹಿತ ಇನ್ನೊಂದು ಕಡೆ! ಪಂಚೆ ಮಾತ್ರ ಮಣೆಯ ಜೊತೆಗೇ ಹೋಯಿತು. ಹೆಂಗಸರೆಲ್ಲ ಆ ಕಡೆ ತಿರುಗಿಕೊಂಡರು. ಲೋಹಿತ ಕುತ್ತಿಗೆಯವರೆಗೆ ನೀರಲ್ಲಿ ಕೂತು "ಟವೆಲ್! ಟವೆಲ್!" ಎಂದು ಕೂಗಿದ. ಪುಟ್ಟಗೌರಮ್ಮ ಕೈಮುಗಿದದ್ದು ಸಮುದ್ರಕ್ಕೆ, ಓಡಿದ್ದು ಮಣೆಯ ಹಿಂದೆ.

ರಾಯರು ಆಗಲೇ ನೋಟ್‌ಬುಕ್ ತೆಗೆದಿದ್ದರು. "ಉಪ್ಪುನೀರು! ತುಮಕೂರಲ್ಲಿ ಇದನ್ನ ಪರೀಕ್ಷೆ ಮಾಡೋಕೆ ಸಮುದ್ರ ಎಲ್ಲಿತ್ತು ಹೇಳು? ಮುಂದಿನ ಸಲ ಉಪ್ಪುನೀರಿಗೂ ಬಗ್ಗದ ಅಂಟು ಮಾಡ್ತೀನಿ ನೋಡ್ತಿರು, ವನಜಾ!"

ವನಜಾಕ್ಷಿ ಸೀರೆ ಎತ್ತಿ ಹಿಡಿದು ಇನ್ನೊಂದು ಹೆಜ್ಜೆ ನೀರಿಗಿಳಿದಳು.

"ಮಾಡಿ, ಮಾಡಿ. ಅವಸರ ಏನಿಲ್ಲ. ನಮ್ ಬೀದೀಲಿ ಯಾರಾದ್ರೂ ಕಾಶಿ ಕಡೆ ಸಂಬಂಧ ಬೆಳೆಸ್ಲಿ, ಆಗ ಸೋರಾರೀನ ಆಚೆ ತೆಗೀರಿ. ಕಾಶೀನೂ ನಾನಿನ್ನೂ ನೋಡಿಲ್ಲ."