ಇಕ್ಕಟ್ಟು ಅಕ್ಷರದ ಉಪಕಾರ

ದಪ್ಪಗಿರುವವರಿಗೆ ಸಪೂರದವರ ಮೇಲೆ ಒಂದು ಗುಮಾನಿ ಇದ್ದೇ ಇರುತ್ತದೆ. ನನಗೂ ಇತ್ತು, ಮನುಷ್ಯರ ಮೇಲಷ್ಟೇ ಅಲ್ಲ, ಅಕ್ಷರಗಳ ಮೇಲೂ. ಅರವತ್ತರ ದಶಕದಲ್ಲಿ ಕೊಳ್ಳೇಗಾಲದಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸಿತ್ತು. ಮೈಸೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಪೆಟ್ಟಿಗೆ ಇಂಗ್ಲಿಷ್ ಅಚ್ಚುಮೊಳೆ ತಂದು ಬಿಚ್ಚಿ ನೋಡಿದರೆ, ಎಲ್ಲವೂ ಬಡಕಲು. ಎತ್ತರ ಎರಡು ಬೆರಳು, ಅಗಲ ಅರ್ಧ ಬೆರಳೂ ಇಲ್ಲ. ತುದಿತುದಿಗೆ ಪುಟ್ಟ ಅಡ್ಡಗೆರೆ ಬೇರೆ. ಕಿಕ್ಕಿರಿದ ಬಸ್ಸಿನಲ್ಲಿ ಮೈ ಹಿಡಿಮಾಡಿಕೊಂಡು, ಆದರೂ ಚಪ್ಪಲಿ ಬಿಡದೆ ನಿಂತ ಪ್ರಯಾಣಿಕರ ಹಾಗೆ! “ಮೊದಲು ಇವಕ್ಕೆ ಎರಡು ತುತ್ತು ಊಟ ಹಾಕಿ, ನಿಮ್ಮ ಪಾಲಿನಲ್ಲೇ,” ಎಂದಳು ಹೆಂಡತಿ. ಪೆಟ್ಟಿಗೆ ಮಂಚದಡಿ ಸೇರಿತು.

ಆಮೇಲೊಂದು ದಿನ ಲೊಕ್ಕನಹಳ್ಳಿಯಿಂದ ಮಾದಪ್ಪ ಎಂಬ ರೈತ ಬಂದ. “ನಮ್ಮ ನರ್ಸಮ್ಮಾರ್ಗೆ ವರ್ಗ ಆಗ್ಯದೆ ಸಾ. ಮಾನಪತ್ರ ಕೊಡ್ಬೇಕು. ಎಸ್ರು ಮಾತ್ರ ಇಂಗ್ಲೀಸಲ್ಲಿ ದೊಡ್ಡಕಿರ್ಲಿ. ಅವ್ರು ಓಗೋ ಊರ್ನ ದೊಡ್ ಡಾಕ್ಟ್ರೂ ಓದ್ಬೇಕು,” ಎಂದ.

ನರ್ಸಮ್ಮನ ಹೆಸರು ವೆಂಕಟಲಕ್ಷಮ್ಮ. ಇಂಗ್ಲಿಷಿನಲ್ಲಿ ಹದಿನಾರು ಅಕ್ಷರ. ನನ್ನ ದಪ್ಪ ಮೊಳೆಗಳಿಗೆ ಕಾಗದದ ಅಗಲ ಸಾಲದೆ, ಹೆಸರನ್ನು ಎರಡು ಸಾಲಿಗೆ ಮುರಿದೆ. ಮಾದಪ್ಪನಿಗೆ ಇಂಗ್ಲಿಷ್ ಬಾರದು, ಎಣಿಕೆ ಬರುತ್ತಿತ್ತು. “ನರ್ಸಮ್ಮ ಒಬ್ರೇ ಅಲ್ವಾ ಸಾ? ಎರಡು ಸಾಲ್ ಕಂಡ್ರೆ ಇಬ್ರು ಅಂದ್ಕಬುಡ್ತಾರೆ.” ಸಣ್ಣ ಅಕ್ಷರ ತೋರಿಸಿದೆ. ಅವನ ಮುಖ ಬಾಡಿತು. “ನಮ್ಮೂರ್ಲಿ ಅರ್ಧ ಮಕ್ಳು ಅವ್ರ ಕೈ ಮ್ಯಾಲೆ ಉಟ್ಟವೆ ಸಾ. ಇಷ್ಟ್ ಸಣ್ಣಕಾ?”

ನಾಚಿಕೆಯಾಯಿತು. ಮಂಚದಡಿಯ ಪೆಟ್ಟಿಗೆ ಎಳೆದೆ. ಬಡಕಲುಗಳು ಭುಜಕ್ಕೆ ಭುಜ ಕೊಟ್ಟು, ತಲೆ ತಗ್ಗಿಸದೆ, ಒಂದೇ ಸಾಲಿನಲ್ಲಿ ನಿಂತವು. ಆದರೆ ಹೆಸರಿಗೆ ಐದು ‘ಎ’ ಬೇಕು, ಇದ್ದದ್ದು ನಾಲ್ಕು. ಮಿಕ್ಕಿದ್ದ ಒಂದು ‘ವಿ’ಯನ್ನು ತಲೆಕೆಳಗಾಗಿ ನಿಲ್ಲಿಸಿ, ಅಚ್ಚಾದ ಮೇಲೆ ನಡುವಿನ ಗೆರೆಯನ್ನು ಪೆನ್ನಿನಲ್ಲಿ ಎಳೆದೆ. ಗೆರೆ ಕೊಂಚ ಸೊಟ್ಟಗಾಯಿತು.

ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ನರ್ಸಮ್ಮ ಮಾನಪತ್ರವನ್ನು ಬಹಳ ಹೊತ್ತು ನೋಡಿ, “ಕೊನೇದು ಕೈಯಲ್ಲಿ ತಿದ್ದಿದ್ದಲ್ವಾ?” ಎಂದರು. ಒಪ್ಪಿಕೊಂಡು ತಲೆ ತಗ್ಗಿಸಿದೆ. “ಇರಲಿ ಬಿಡಿ. ಜಾಗ ಸಾಲದು ಅಂತ ಎಲ್ಲ ರಿಜಿಸ್ಟರಿನಲ್ಲೂ ನನ್ನನ್ನು ವಿ. ಲಕ್ಷಮ್ಮ ಮಾಡಿಟ್ಟಿದ್ದಾರೆ. ನನ್ನ ಪೂರ್ತಿ ಹೆಸರು ಒಂದೇ ಸಾಲಿನಲ್ಲಿ ನೋಡಿದ್ದು ಇವತ್ತೇ,” ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾದಪ್ಪ ಪಕ್ಕದವನಿಗೆ, “ಒಂದೇ ಸಾಲು ಕಣ್ಲಾ, ನಾನೇ ಏಳಿ ಮಾಡ್ಸಿದ್ದು,” ಎಂದ.

ಆ ಖುಷಿ ನನ್ನ ತಲೆಗೇರಿತು. ಮರುವಾರವೇ ಪೇಂಟರನ್ನು ಕರೆಸಿ, ಪ್ರೆಸ್ಸಿನ ಬೋರ್ಡನ್ನೂ ಅದೇ ಇಕ್ಕಟ್ಟು ಅಕ್ಷರಗಳಲ್ಲಿ ಬರೆಸಿದೆ. ಹತ್ತಿರದಿಂದ ಬಹಳ ಚೆಂದ. ರಸ್ತೆಯ ಆಚೆಯಿಂದ ನೋಡಿದವರಿಗೆ ಮಾತ್ರ ಸಾಲಾಗಿ ನೆಟ್ಟ ಬೇಲಿಗೂಟಗಳು. ಹಳೆಯ ಗಿರಾಕಿಗಳೂ ಪಕ್ಕದ ರೇಷ್ಮೆ ಅಂಗಡಿಗೆ ನುಗ್ಗಿ, “ಇಲ್ಲೊಂದು ಪ್ರೆಸ್ಸಿತ್ತಲ್ಲ, ಎತ್ತಾಗೋಯ್ತು ಸಾ?” ಎಂದು ಕೇಳತೊಡಗಿದರು. ಕೊನೆಗೆ ನನ್ನ ದಪ್ಪ ದೇಹವನ್ನೇ ಕುರ್ಚಿ ಸಮೇತ ಬಾಗಿಲಿಗೆ ತಂದಿಟ್ಟುಕೊಂಡೆ. ಅದು ಎಷ್ಟು ದೂರದಿಂದಲೂ ಓದಿಸಿಕೊಳ್ಳುತ್ತಿತ್ತು.