ಉಪ್ಪುನೀರಿನ ಕಂಡಕ್ಟರ್

ನಮ್ಮ ಮಾವ ಆಸ್ಪತ್ರೆಗೆ ಸೇರಿದ್ದು ಹರ್ನಿಯಾ ಆಪರೇಷನ್ನಿಗೆ ಎಂದು ಅಲ್ಲಿಯ ಕಡತ ಹೇಳುತ್ತದೆ. ನಂಬಬೇಡಿ. ಅವರು ಹೋದದ್ದು ಆ ವಾರ್ಡನ್ನು ಒಂದು ದಾರಿಗೆ ತರಲು. ಮೂವತ್ತು ವರ್ಷ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು; ಹತ್ತು ಜನ ಒಟ್ಟಿಗೆ ಕಂಡರೆ ಸುಮ್ಮನಿರುವುದು ಅವರಿಂದಾಗದು. ನನ್ನ ಮದುವೆಯ ಊಟದ ಹಾಲ್‌ನಲ್ಲೂ “ಹಿಂದೆ ಹೋಗಿ, ಹಿಂದೆ ಖಾಲಿ ಉಂಟು” ಎಂದು ಬೀಗರನ್ನೇ ದೂಡಿದ ಮನುಷ್ಯ.

ಆಪರೇಷನ್ನಿನ ಹಿಂದಿನ ದಿನ ಬಾಗಲಕೋಟೆ ಕಡೆಯ ಯುವ ಡಾಕ್ಟರಮ್ಮ ಒಬ್ಬರು ಒಪ್ಪಿಗೆ ಪತ್ರ ಹಿಡಿದು ಬಂದರು. ಅರಿವಳಿಕೆ ವಿಷಯದಲ್ಲಿ ಹೆಚ್ಚಿನ ಓದು ಓದುತ್ತಿದ್ದ ಅವರದ್ದೊಂದು ಅಧ್ಯಯನ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕೆಲವರ ಬಿ.ಪಿ. ಇಳಿಯುತ್ತದೆ. ಅದಕ್ಕೆ ಮೊದಲೇ ಉಪ್ಪುನೀರಿನ ಡ್ರಿಪ್ ಏರಿಸುತ್ತಾರೆ. ಆ ನೀರು ಸಾದಾ ಇದ್ದರೆ ಒಳ್ಳೆಯದೋ, ಉಪ್ಪು ಹೆಚ್ಚಿದ್ದರೆ ಒಳ್ಳೆಯದೋ ಎಂದು ಹೋಲಿಸಿ ನೋಡಬೇಕಿತ್ತು.

“ನನಗೆ ಯಾವುದು?” ಎಂದರು ಮಾವ.

“ಅದು ನಿಮಗ ಗೊತ್ತಾಗಬಾರದ್ರೀ. ನನಗೂ ಗೊತ್ತಿರಂಗಿಲ್ಲ. ಬಾಟ್ಲಿ ಮ್ಯಾಲೆ ಬರೀ ನಂಬರ್ ಇರತೈತಿ.”

ಮಾವ ಕನ್ನಡಕ ತೆಗೆದರು. “ಡ್ರೈವರಿಗೂ ಗೊತ್ತಿಲ್ಲ, ಪ್ಯಾಸೆಂಜರಿಗೂ ಗೊತ್ತಿಲ್ಲ. ಬಸ್ಸು ಎಲ್ಲಿಗೆ ಹೋಗುವುದು ಅಂತ ಗೊತ್ತಿರುವುದು ಯಾರಿಗೆ?”

“ಪಟ್ಟಿ ಇಟ್ಕೊಂಡವರು ಬ್ಯಾರೆ ಒಬ್ಬರು ಅದಾರ್ರೀ.”

“ಹಾಗೆ ಹೇಳಿ. ಓನರ್ ಬೇರೆ ಇದ್ದಾರೆ” ಎಂದು ನೆಮ್ಮದಿಯಿಂದ ಸಹಿ ಹಾಕಿದರು.

ಆಪರೇಷನ್ ಸಲೀಸಾಗಿ ಮುಗಿಯಿತು. ತೊಂದರೆ ಶುರುವಾದದ್ದು ಮರುದಿನ, ಸ್ವಲ್ಪ ನಡೆದಾಡಿ ಎಂದು ನರ್ಸ್ ಹೇಳಿದ ಮೇಲೆ. ಹಾಗೆ ಹೇಳಬಹುದೇ ಇವರಿಗೆ? ಕಿವಿಯ ಸಂದಿಗೆ ಪೆನ್ನು ಸಿಕ್ಕಿಸಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಟಿಕೆಟ್ ಕೇಳಿಕೊಂಡು ಹೋಗುವ ಹಾಗೆ ಮಂಚದಿಂದ ಮಂಚಕ್ಕೆ ಹೊರಟರು. ಅಧ್ಯಯನದಲ್ಲಿದ್ದ ಬೇರೆ ಮೂವರೂ ಅದೇ ವಾರ್ಡಿನಲ್ಲಿದ್ದರು. ಉಪ್ಪು ಹೆಚ್ಚು ಹೋದವನಿಗೆ ಬಾಯಾರಿಕೆ ಹೆಚ್ಚು ಎಂಬುದು ಮಾವನ ಸಿದ್ಧಾಂತ.

“ನಾಲಿಗೆ ಒಣಗ್ತದಾ? ಸರಿ ನೋಡಿ ಹೇಳಿ. ಒಣಗ್ತದಲ್ಲ?”

ಅಷ್ಟು ಅಕ್ಕರೆಯಿಂದ ಕೇಳಿದರೆ ಯಾರ ನಾಲಿಗೆ ತಾನೇ ಒದ್ದೆ ಇದ್ದೀತು! ಮಧ್ಯಾಹ್ನದೊಳಗೆ ಇಡೀ ವಾರ್ಡಿಗೆ ಬಾಯಾರಿಕೆ. ಡ್ರಿಪ್ಪನ್ನೇ ಕಾಣದ, ಕಾಲು ಮುರಿದುಕೊಂಡವನಿಗೂ ಬಾಯಾರಿಕೆ. ಗಂಜಿ ತಂದ ನನ್ನ ಅತ್ತೆಯೂ ಎರಡು ಲೋಟ ನೀರು ಕುಡಿದರು.

ಡಾಕ್ಟರಮ್ಮ ಓಡಿಬಂದರು. “ಯಜಮಾನ್ರ, ಬಾಯಾರಿಕಿ ಬಗ್ಗೆ ನಾನೂ ಕೇಳಿ ಬರ್ಕೋಬೇಕು. ನೀವು ಅವರ ಬಾಯಾಗ ಉತ್ತರ ಇಟ್ಟರ ಲೆಕ್ಕ ತಪ್ಪತೈತಿ. ನಾಳೆ ಯಾರಿಗೋ ತಪ್ಪು ಬಾಟ್ಲಿ ಹೋಗತೈತಿ.”

ಚಿಲ್ಲರೆಯ ಜಗಳದಲ್ಲಿ ಯಾರಿಗೂ ಸೋಲದಿದ್ದ ಮಾವನ ಮುಖ ಸಣ್ಣದಾಯಿತು. “ತಪ್ಪಾಯ್ತು ಡಾಕ್ಟ್ರೇ. ಇನ್ನು ಕೇಳುವುದಿಲ್ಲ” ಎಂದು ಮಂಚ ಹತ್ತಿ ಗೋಡೆಗೆ ಮುಖ ಮಾಡಿದರು. ಸಂಜೆ ನಾನು ಬೋಳಾರದ ಮನೆಗೆ ಹಿಂತಿರುಗುವಾಗ ಆಟೊದಲ್ಲಿ ಒಬ್ಬಳೇ ನಗುತ್ತಿದ್ದೆ.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಬಟ್ಟೆಯ ಚೀಲ ಕಟ್ಟಿ ಹೊರಟಿದ್ದೆವು. ಪಕ್ಕದ ಮಂಚಕ್ಕೆ ಹಿಂದಿನ ಸಂಜೆ ಬಂದಿದ್ದ, ಕಾಟಿಪಳ್ಳದಲ್ಲಿ ಸೋಫಾ ಹೊಲಿಯುವ ಒಬ್ಬರಿಗೆ ಅಂದು ಆಪರೇಷನ್. ಹೆಂಡತಿ ಜ್ವರದಿಂದ ಮನೆಯಲ್ಲಿ. ಬರಬೇಕಿದ್ದ ತಂಗಿ ಕಾಸರಗೋಡಿನಿಂದ ಇನ್ನೂ ತಲುಪಿರಲಿಲ್ಲ. ಸ್ಟ್ರೆಚರ್ ಬಂದಾಗ ಆತ ಮಂಚದ ಸರಳು ಹಿಡಿದುಕೊಂಡು, “ಇವತ್ತು ಬೇಡ ಸಿಸ್ಟರ್” ಎಂದರು.

ಮಾವ ಚೀಲ ಕೆಳಗಿಟ್ಟರು. “ಎಂತ, ಹೆದರಿಕೆಯಾ?”

ಆತ ಹೌದೆಂದು ತಲೆಯಾಡಿಸಿದರು.

“ನನಗೂ ಆಗಿತ್ತು. ನನ್ನ ಸೊಸೆ, ಇವಳ ಹತ್ತಿರ ಹೇಳಲಿಲ್ಲ. ಒಳಗೆ ಹೋಗುವಾಗ ಕಣ್ಣು ಮುಚ್ಚಿ ಅಮ್ಮನನ್ನು ಕರೆದೆ. ಬನ್ನಿ, ಬಾಗಿಲಿನವರೆಗೆ ನಾನು ಬರ್ತೇನೆ.”

ಮಾವ ಹೋಗಿಯೇಬಿಟ್ಟರು. ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತರು. ಆಟೊ ಕಾಯುತ್ತಿದೆ ಎಂದೆ. “ಅವರು ಹೊರಗೆ ಬರಲಿ” ಎಂದರು. ಮೂರು ದಿನ ಇವರ ಕಿತಾಪತಿಗೆ ನಕ್ಕ ನಾನು, ಹೆದರಿಕೆಯಾಗಿದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಆಟೊ ಕಳಿಸಿ ಅವರ ಪಕ್ಕದಲ್ಲಿ ಕುಳಿತೆ.

ಎರಡು ಗಂಟೆಯ ಮೇಲೆ ಸ್ಟ್ರೆಚರ್ ಹೊರಬಂತು. ಅರೆಗಣ್ಣಿನಲ್ಲಿದ್ದ ಆ ಮನುಷ್ಯನ ಕೈ ಹೊದಿಕೆಯಿಂದ ಈಚೆ ಬಂದು ಗಾಳಿಯಲ್ಲಿ ಏನೋ ಹುಡುಕುತ್ತಿತ್ತು. ಮಾವ ನೋವು ನುಂಗಿಕೊಂಡು ಎದ್ದು, ತಮ್ಮ ಕೈಯನ್ನು ಅದರೊಳಗಿಟ್ಟರು.

“ಇದ್ದೇನೆ ಮಾರಾಯ್ರೆ. ನಾನು ಹೋಗ್ಲಿಲ್ಲ.”